ಒಬ್ಬನೇ ಒಡೆಯನ ಕೆಳಗೆ



ಒಡೆಯ ಎಂಬುದು ನಮ್ಮ ಭಾಷೆಯಲ್ಲಿ ಬಹಳ ಹಳೆಯ ಮಾತು. ಮನೆಗೆ ಒಡೆಯನುಂಟು, ಹೊಲಕ್ಕೆ ಒಡೆಯನುಂಟು. ನಾಡನ್ನು ಆಳಿದವರನ್ನೂ ಒಡೆಯರೆಂದೇ ಕರೆದೆವು, ದೇವರನ್ನೂ ಒಡೆಯನೆಂದೇ ಕರೆಯುತ್ತೇವೆ. ಪ್ರಭು ಎಂಬ ಮಾತಿನ ಗತಿಯೂ ಹೀಗೆಯೇ. ಒಂದೇ ಮಾತು ಅರಸನಿಗೂ ದೇವರಿಗೂ ಸಲ್ಲುವುದು ನಮ್ಮಲ್ಲಿ ಮಾತ್ರವಲ್ಲ. ಕ್ರೈಸ್ತರ ಹೊಸ ಒಡಂಬಡಿಕೆಯು ಬರೆಯಲ್ಪಟ್ಟ ಗ್ರೀಕ್ ಭಾಷೆಯಲ್ಲಿ ಕೂರಿಯೊಸ್ ಎಂಬ ಪದವೊಂದುಂಟು. ಆಳಿಗೆ ಅವನ ಯಜಮಾನನು ಕೂರಿಯೊಸ್. ಪ್ರಜೆಗೆ ರೋಮಿನ ಚಕ್ರವರ್ತಿಯು ಕೂರಿಯೊಸ್. ಭಕ್ತನಿಗೆ ದೇವರು ಕೂರಿಯೊಸ್. ಕನ್ನಡ ಸತ್ಯವೇದದಲ್ಲಿ ಇದೇ ಪದವು ಕರ್ತನು ಎಂದಾಗಿದೆ. ಯೇಸುವೇ ಕರ್ತನು ಎಂದು ಮೊದಲ ಕ್ರೈಸ್ತರು ಹೇಳಿದಾಗ ಅದು ಬರಿಯ ಭಕ್ತಿಯ ಉದ್ಗಾರವಾಗಿರಲಿಲ್ಲ. ಕಟ್ಟಕಡೆಗೆ ನಮ್ಮ ಒಡೆಯನು ಯಾರು ಎಂಬ ಪ್ರಶ್ನೆಗೆ ಕೊಟ್ಟ ಉತ್ತರವೂ ಆಗಿದ್ದಿತು.

ದೇವರ ಅಧಿಕಾರದ ಕೆಳಗೆ ಬಾಳುವುದೆಂದರೆ ಕ್ರೈಸ್ತನಿಗೆ ಏನರ್ಥ ಎಂಬುದು ಇಂದಿನ ಭಾಷಣದ ವಿಷಯ. ಇದನ್ನು ಮತಶಾಸ್ತ್ರದ ಸೂತ್ರಗಳಿಂದ ವಿವರಿಸುವುದುಂಟು. ಆದರೆ ಅಧಿಕಾರವೆಂಬುದು ಸೂತ್ರದಲ್ಲಿ ತಿಳಿಯುವ ವಸ್ತುವಲ್ಲ. ಅದರ ತೂಕವು ಹೆಗಲ ಮೇಲೆ ಬಿದ್ದಾಗಲೇ ತಿಳಿಯುವುದು. ಆದಕಾರಣ ಮೊದಲು ಕೆಲವು ಮೂಲ ವಿಚಾರಗಳನ್ನು ಸಂಗ್ರಹವಾಗಿ ಹೇಳಿ, ಆಮೇಲೆ ಆ ತೂಕವನ್ನು ಹೊತ್ತ ಒಬ್ಬ ರೈತನ ಕಥೆಯನ್ನು ತಮ್ಮ ಮುಂದಿಡುತ್ತೇನೆ.

ಯೇಸುವನ್ನು ಮಾತಿನಲ್ಲಿ ಸಿಕ್ಕಿಸಬೇಕೆಂದು ಬಂದ ಕೆಲವರು, ಕೈಸರನಿಗೆ ತೆರಿಗೆ ಕೊಡುವುದು ಸರಿಯೋ ಅಲ್ಲವೋ ಎಂದು ಕೇಳಿದರಷ್ಟೆ. ಕೊಡಬೇಕೆಂದರೆ ಜನರಿಗೆ ಕೋಪ, ಬೇಡವೆಂದರೆ ರೋಮಿನ ಸರ್ಕಾರಕ್ಕೆ ಕೋಪ. ಆತನು ಒಂದು ನಾಣ್ಯವನ್ನು ತರಿಸಿ, ಅದರ ಮೇಲಿರುವ ಮುಖ ಯಾರದೆಂದು ಕೇಳಿದನು. ಕೈಸರನದೆಂದು ಉತ್ತರ ಬಂದಿತು. ಹಾಗಾದರೆ ಕೈಸರನ ಸ್ವತ್ತು ಕೈಸರನಿಗೆ ಹೋಗಲಿ, ದೇವರ ಸ್ವತ್ತು ದೇವರಿಗೆ ಹೋಗಲಿ ಎಂದು ಆತನು ತೀರ್ಮಾನ ಹೇಳಿದನು. ಇದನ್ನು ಅನೇಕರು ಎರಡು ರಾಜ್ಯಗಳ ನಡುವಣ ಗಡಿಯ ಒಪ್ಪಂದವೆಂಬಂತೆ ಓದುತ್ತಾರೆ: ಇತ್ತ ರಾಜಕಾರಣ, ಅತ್ತ ಪೂಜೆ. ಆದರೆ ಆ ತೀರ್ಮಾನದಲ್ಲಿ ಅಡಗಿರುವ ಇನ್ನೊಂದು ಪ್ರಶ್ನೆಯನ್ನು ಮರೆಯಬಾರದು. ನಾಣ್ಯದ ಮೇಲೆ ಕೈಸರನ ಮುದ್ರೆಯಿದೆ, ಸರಿ. ನಾಣ್ಯವನ್ನು ಹಿಡಿದಿರುವ ಮನುಷ್ಯನ ಮೇಲೆ ಯಾರ ಮುದ್ರೆಯಿದೆ? ಮನುಷ್ಯನು ದೇವರ ಸ್ವರೂಪದಲ್ಲಿ ಸೃಷ್ಟಿಸಲ್ಪಟ್ಟವನೆಂದು ಆದಿಕಾಂಡದ ಮೊದಲನೆಯ ಅಧ್ಯಾಯವೇ ಹೇಳುತ್ತದೆ. ಆದುದರಿಂದ ನಾಣ್ಯವು ಕೈಸರನಿಗೆ ಸಲ್ಲಬಹುದು. ಮನುಷ್ಯನು ಪೂರ್ತಿಯಾಗಿ ಸಲ್ಲಲಾರನು.

ಇನ್ನು ಅಪೊಸ್ತಲರ ಬೋಧೆ. ಪೌಲನು ರೋಮಾಪುರದ ಸಭೆಗೆ ಕಾಗದ ಬರೆದದ್ದು ಸುಮಾರು ಕ್ರಿ. ಶ. 57ರಲ್ಲಿ, ನೀರೋ ಪಟ್ಟದಲ್ಲಿದ್ದಾಗ. ಆ ಕಾಗದದ ಹದಿಮೂರನೆಯ ಅಧ್ಯಾಯದಲ್ಲಿ, ಆಳುವ ಅಧಿಕಾರಗಳು ದೇವರಿಂದ ನೇಮಿತವಾದುವೆಂದೂ ಅವುಗಳಿಗೆ ಅಧೀನರಾಗಿರಬೇಕೆಂದೂ ಬೋಧಿಸಲಾಗಿದೆ. ಆದರೆ ಅಪೊಸ್ತಲರ ಕೃತ್ಯಗಳೆಂಬ ಗ್ರಂಥದ ಐದನೆಯ ಅಧ್ಯಾಯದಲ್ಲಿ ಪೇತ್ರನೂ ಅವನ ಸಂಗಡಿಗರೂ ಹಿರೀಸಭೆಯ ಮುಂದೆ ನಿಂತು, ಮನುಷ್ಯರ ಅಪ್ಪಣೆಗಿಂತ ದೇವರ ಅಪ್ಪಣೆ ದೊಡ್ಡದೆಂದು ಸಾರುತ್ತಾರೆ. ಮೇಲುನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧ. ಯೋಚಿಸಿ ನೋಡಿದರೆ ಎರಡರ ಬುಡವೂ ಒಂದೇ. ಅಧಿಕಾರವು ದೇವರಿಂದ ಬಂದದ್ದಾದರೆ ಅದು ಕೊಟ್ಟ ಸೊತ್ತು, ಸ್ವಂತದ್ದಲ್ಲ. ಕೊಟ್ಟ ಸೊತ್ತಿಗೆ ಲೆಕ್ಕವುಂಟು, ಎಲ್ಲೆಯುಂಟು. ಅಮಲ್ದಾರನ ಮಾತಿಗೆ ಗೌರವವಿರುವುದು ಅವನ ಹಿಂದೆ ಸರ್ಕಾರವಿರುವುದರಿಂದ. ಸರ್ಕಾರದ ಕಾನೂನಿಗೇ ವಿರುದ್ಧವಾಗಿ ಅವನು ಅಪ್ಪಣೆ ಮಾಡಿದರೆ ಆ ಗೌರವವು ನಿಲ್ಲುವುದಿಲ್ಲ.

ಮೂರನೆಯದೊಂದು ವಿಚಾರವುಂಟು, ನನ್ನ ಬುದ್ಧಿಗೆ ಅದೇ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಈ ಒಡೆಯನ ಒಡೆತನವು ಯಾವ ಬಗೆಯದು? ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಗುರುವು ನಡುವಿಗೆ ಬಟ್ಟೆ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ತೆಗೆದುಕೊಂಡು, ತನ್ನ ಶಿಷ್ಯರ ಕಾಲುಗಳನ್ನು ತೊಳೆಯುತ್ತಾನೆ. ಕಾಲು ತೊಳೆಯುವುದು ಆ ಕಾಲದಲ್ಲಿ ಮನೆಯಾಳಿನ ಕೆಲಸ. ಮರುದಿನ ಅದೇ ಗುರುವು ಶಿಲುಬೆಗೆ ಏರಿಸಲ್ಪಡುತ್ತಾನೆ. ಲೋಕದ ಒಡೆಯನು ತನಗಾಗಿ ಆಳುಗಳ ಪ್ರಾಣವನ್ನು ಕೇಳುವನು. ಈ ಒಡೆಯನು ಆಳುಗಳಿಗಾಗಿ ತನ್ನ ಪ್ರಾಣವನ್ನು ಕೊಟ್ಟನೆಂಬುದು ಕ್ರೈಸ್ತರ ನಂಬಿಕೆ. ಇಂಥವನ ಅಧಿಕಾರಕ್ಕೆ ತಲೆಬಾಗಿದವನು ಇತರರ ತಲೆಯ ಮೇಲೆ ಕುಳಿತುಕೊಳ್ಳಲು ಅದರಿಂದ ಅನುಮತಿ ಪಡೆಯಲಾರನು.

ಈ ಮೂರು ವಿಚಾರಗಳ ಬೆಲೆಯನ್ನು ಮೊದಲ ಶತಮಾನಗಳ ಕ್ರೈಸ್ತರು ಚೆನ್ನಾಗಿ ತೆತ್ತರು. ಸುಮಾರು ಕ್ರಿ. ಶ. 112ರಲ್ಲಿ ಬಿಥೂನಿಯದ ಅಧಿಪತಿಯಾಗಿದ್ದ ಪ್ಲಿನಿ ಎಂಬುವನು ಈ ಜನರನ್ನು ಹೇಗೆ ನಡೆಯಿಸಿಕೊಳ್ಳಬೇಕೆಂದು ಚಕ್ರವರ್ತಿ ಟ್ರಾಜನನಿಗೆ ಬರೆದು ಕೇಳಿದನು. ಆತನ ಪರೀಕ್ಷೆಯು ಸುಲಭವಾದದ್ದು: ಚಕ್ರವರ್ತಿಯ ಪ್ರತಿಮೆಯ ಮುಂದೆ ಧೂಪವನ್ನೂ ದ್ರಾಕ್ಷಾರಸವನ್ನೂ ಅರ್ಪಿಸಿ ಕ್ರಿಸ್ತನನ್ನು ಶಪಿಸಿದರೆ ಬಿಡುಗಡೆ. ಅದೇ ಶತಮಾನದ ನಡುಭಾಗದಲ್ಲಿ ಸ್ಮುರ್ನದ ವೃದ್ಧ ಬಿಷಪ್ ಪಾಲಿಕಾರ್ಪನಿಗೆ, ಕೈಸರನೇ ಕರ್ತನು ಎಂದು ಒಂದು ಮಾತು ಹೇಳಿ ಪ್ರಾಣ ಉಳಿಸಿಕೊಳ್ಳಬಾರದೇ ಎಂದು ಅಧಿಕಾರಿಗಳೇ ಅನುಕಂಪದಿಂದ ಬುದ್ಧಿ ಹೇಳಿದರು. ಆತನು ಆ ಒಂದು ಮಾತನ್ನು ಹೇಳದೆ ಬೆಂಕಿಯನ್ನು ಹೊಕ್ಕನು. ಈ ಜನರು ತೆರಿಗೆ ಕೊಡಲು ಹಿಂದೆಗೆಯಲಿಲ್ಲ. ಚಕ್ರವರ್ತಿಗಾಗಿ ಪ್ರಾರ್ಥನೆಯನ್ನೂ ಮಾಡುತ್ತಿದ್ದರು. ಅವನಿಗೆ ಪ್ರಾರ್ಥಿಸಲು ಮಾತ್ರ ಒಪ್ಪಲಿಲ್ಲ.

ಇಷ್ಟು ಕೇಳಿದ ವಿವೇಕಿಗಳಾದ ಶ್ರೋತೃಗಳ ಮನಸ್ಸಿನಲ್ಲಿ ಒಂದು ಸಂದೇಹವು ಹುಟ್ಟಿಯೇ ಇರಬೇಕು. ದೇವರ ಅಪ್ಪಣೆ ದೊಡ್ಡದೆಂಬುದು ಸರಿ. ಆದರೆ ಇದು ದೇವರ ಅಪ್ಪಣೆಯೆಂದು ಹೇಳುವವರು ಯಾರು? ದೇವರ ಹೆಸರು ಹೇಳಿಕೊಂಡು ಊರು ಸುಟ್ಟವರಿಲ್ಲವೇ? ತನ್ನ ಹಟವನ್ನೇ ಅಂತರ್ವಾಣಿಯೆಂದು ಭ್ರಮಿಸಿದವರಿಲ್ಲವೇ? ಕ್ರೈಸ್ತ ಲೋಕದ ಚರಿತ್ರೆಯಲ್ಲಿಯೇ ಇಂಥವರು ಬೇಕಾದಷ್ಟು ಮಂದಿ ಸಿಕ್ಕುತ್ತಾರೆ. ಈ ಸಂದೇಹವು ನ್ಯಾಯವಾದದ್ದು. ಇದಕ್ಕೆ ಉತ್ತರವಿಲ್ಲದಿದ್ದರೆ ದೇವರ ಅಧಿಕಾರವೆಂಬ ಮಾತು ಅಪಾಯಕರವಾದ ಮಾತು. ನಾನು ಹೇಳುವೆನೆಂದ ರೈತನ ಕಥೆಯು ಇಲ್ಲಿಯೇ ನಮಗೆ ಬೇಕಾಗುವುದು.

ಆಸ್ಟ್ರಿಯ ದೇಶದ ಮೇಲಣ ಭಾಗದಲ್ಲಿ, ಜರ್ಮನಿಯ ಬವೇರಿಯ ಸೀಮೆಯ ಗಡಿಯಾಗಿ ಹರಿಯುವ ಜಾಲ್ಜಾಕ್ ನದಿಯ ಬಳಿ, ಸಾಂಕ್ಟ್ ರಾಡೆಗುಂಡ್ ಎಂಬ ಚಿಕ್ಕ ಹಳ್ಳಿಯಿದೆ. ಅದು ಬ್ರೌನೌ ಜಿಲ್ಲೆಗೆ ಸೇರಿದ್ದು. ಹಿಟ್ಲರನು ಹುಟ್ಟಿದ ಬ್ರೌನೌ ಪಟ್ಟಣವೇ ಆ ಜಿಲ್ಲೆಯ ಮುಖ್ಯಸ್ಥಳ. ಈ ಹಳ್ಳಿಯಲ್ಲಿ 1907ನೆಯ ಇಸವಿ ಮೇ 20ರಂದು ಫ್ರಾಂಟ್ಸ್ ಯೇಗರ್‌ಷ್ಟೆಟರ್ ಜನಿಸಿದನು. ತಾಯಿಯು ಅವಿವಾಹಿತೆಯಾದ ಕೂಲಿಯ ಹೆಂಗಸು. ತಂದೆಯು ಮೊದಲನೆಯ ಮಹಾಯುದ್ಧದಲ್ಲಿ ಮಡಿದನು. ಮುಂದೆ ತಾಯಿಯನ್ನು ಮದುವೆಯಾದ ರೈತನು ಹುಡುಗನನ್ನು ದತ್ತು ತೆಗೆದುಕೊಂಡು ತನ್ನ ಹೆಸರನ್ನೂ ಹೊಲವನ್ನೂ ಕೊಟ್ಟನು. ಯೌವನದಲ್ಲಿ ಈತನು ಸಾಧುವೆನಿಸಿಕೊಂಡವನಲ್ಲ. ಕೆಲವು ಕಾಲ ಐಸೆನೆರ್ಟ್ಸ್ ಎಂಬಲ್ಲಿ ಕಬ್ಬಿಣದ ಗಣಿಯಲ್ಲಿ ದುಡಿದನು. ಅಲ್ಲಿ ಅವನ ಧರ್ಮಶ್ರದ್ಧೆಯು ಸಡಿಲವಾಯಿತು. ಮೋಟಾರು ಸೈಕಲ್ಲನ್ನು ಹಳ್ಳಿಗೆ ಮೊದಲು ತಂದವನೂ ಅವನೇ. ವಿವಾಹಕ್ಕೆ ಹೊರಗಾಗಿ ಅವನಿಗೊಂದು ಹೆಣ್ಣು ಮಗುವೂ ಹುಟ್ಟಿದ್ದಿತು. 1936ರಲ್ಲಿ ಫ್ರಾಂಟ್ಸಿಸ್ಕಾ ಎಂಬ ಕನ್ಯೆಯನ್ನು ಮದುವೆಯಾದನು. ದಂಪತಿಗಳು ಮದುವೆಯಾದೊಡನೆ ರೋಮಾಪುರಕ್ಕೆ ಯಾತ್ರೆ ಹೋಗಿಬಂದರು. ಮೂವರು ಹೆಣ್ಣು ಮಕ್ಕಳಾದರು. ಹೆಂಡತಿಯ ಜೊತೆಯಲ್ಲಿ ಅವನ ಪ್ರಾರ್ಥನೆಯೂ ಸತ್ಯವೇದದ ಪಠನವೂ ಬೆಳೆದುವು. ಹೊಲ, ಹಸು, ಹೆಂಡತಿ, ಮಕ್ಕಳು, ಹಳ್ಳಿಯ ದೇವಾಲಯ, ಇಷ್ಟೇ ಅವನ ಲೋಕ.

1938ರ ಮಾರ್ಚಿಯಲ್ಲಿ ಜರ್ಮನಿಯು ಆಸ್ಟ್ರಿಯವನ್ನು ನುಂಗಿತು. ಏಪ್ರಿಲ್ 10ರಂದು ಜನರ ಮತವನ್ನು ಕೇಳುವ ಶಾಸ್ತ್ರ ನಡೆಯಿತು. ಆಸ್ಟ್ರಿಯದ ಬಿಷಪ್ಪರೇ ಒಪ್ಪಿಗೆಯ ಮತವನ್ನು ಕೊಡುವಂತೆ ಜನರಿಗೆ ಸಲಹೆ ಮಾಡಿದ್ದರು. ನೂರಕ್ಕೆ 99.7ಕ್ಕಿಂತ ಹೆಚ್ಚು ಮಂದಿ ಒಪ್ಪಿದರೆಂದು ಸರ್ಕಾರವು ಸಾರಿತು. ಸಾಂಕ್ಟ್ ರಾಡೆಗುಂಡಿನಲ್ಲಿ ಒಪ್ಪದಿದ್ದ ಮತ ಒಂದೇ ಒಂದು, ಅದು ಯೇಗರ್‌ಷ್ಟೆಟರನದು. ಆ ಒಂದನ್ನೂ ಮರೆಮಾಡಿ, ಊರೆಲ್ಲ ಒಮ್ಮತವೆಂದು ವರದಿ ಹೋಯಿತು. ಅಂದಿನಿಂದ ಅವನು ಹೊಸ ಪ್ರಭುತ್ವದ ಉಪಕಾರಗಳನ್ನು ಒಂದೊಂದಾಗಿ ದೂರವಿಟ್ಟನು. ಮಕ್ಕಳಿಗೆಂದು ಸರ್ಕಾರವು ಕೊಡುತ್ತಿದ್ದ ಭತ್ಯವನ್ನು ತೆಗೆದುಕೊಳ್ಳಲಿಲ್ಲ. ಪಕ್ಷದ ವಂತಿಗೆಗೆ ಕಾಸು ಹಾಕಲಿಲ್ಲ.

1940ರಲ್ಲಿ ಅವನನ್ನು ಸೈನ್ಯಕ್ಕೆ ಕರೆದರು. ಆಗ ಅವನು ಹೋದನು, ಪ್ರಮಾಣವನ್ನೂ ಮಾಡಿದನು, ತಿಂಗಳುಗಟ್ಟಲೆ ಶಿಕ್ಷಣವನ್ನೂ ಪಡೆದನು. ಹೊಲದ ಕೆಲಸಕ್ಕೆ ಅಗತ್ಯವಾದವನೆಂಬ ಕಾರಣದಿಂದ 1941ರಲ್ಲಿ ಬಿಡುಗಡೆಯಾಗಿ ಮನೆಗೆ ಬಂದನು. ಅಷ್ಟರಲ್ಲಿ ಅವನ ಹಳ್ಳಿಯ ಪಾದ್ರಿಯನ್ನು ಉಪದೇಶವೊಂದರ ಕಾರಣದಿಂದ ಸೆರೆಹಿಡಿದಿದ್ದರು. ಬುದ್ಧಿವಿಕಲರಾದ ರೋಗಿಗಳನ್ನು ಆಸ್ಪತ್ರೆಗಳಿಂದ ಸಾಗಿಸಿ ಕೊಲ್ಲುತ್ತಿರುವ ಸಂಗತಿಯೂ ಅವನ ಕಿವಿಗೆ ಬಿದ್ದಿತು. ಇಂಥ ಪ್ರಭುತ್ವವು ಬೇರೆ ದೇಶಗಳ ಮೇಲೆ ಬಿದ್ದು ನಡೆಯಿಸುವ ಯುದ್ಧವು ನ್ಯಾಯವಾದ ಯುದ್ಧವಾಗಲಾರದೆಂದೂ, ಮತ್ತೊಮ್ಮೆ ಕರೆದರೆ ಹೋಗಲಾರೆನೆಂದೂ ಅವನು ನಿಶ್ಚಯಿಸಿದನು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಈ ನಿಶ್ಚಯವನ್ನು ಅವನು ಗುಟ್ಟಾಗಿ ಎದೆಯಲ್ಲಿಟ್ಟುಕೊಂಡು ಕುಳಿತಿರಲಿಲ್ಲ. ತಾನು ತಪ್ಪಿರಬಹುದೇ ಎಂದು ಪರೀಕ್ಷಿಸುವುದಕ್ಕಾಗಿ ಬಲ್ಲವರನ್ನು ಹುಡುಕಿಕೊಂಡು ಹೋದನು. ಪಾದ್ರಿಗಳನ್ನು ಕೇಳಿದನು. ಲಿಂಟ್ಸ್ ನಗರಕ್ಕೆ ಹೋಗಿ ಬಿಷಪ್ ಯೋಸೆಫ್ ಫ್ಲೀಸರರ ಮುಂದೆ ತನ್ನ ಪ್ರಶ್ನೆಗಳನ್ನಿಟ್ಟನು. ಪ್ರಭುತ್ವದ ಕಾರ್ಯಗಳಿಗೆ ಒಬ್ಬ ಸಾಮಾನ್ಯ ರೈತನು ಹೊಣೆಯಲ್ಲ, ಅವನ ಹೊಣೆಯೆಲ್ಲ ಹೆಂಡತಿ ಮಕ್ಕಳದು ಎಂಬುದು ಬಿಷಪ್ಪರ ಉತ್ತರದ ತಾತ್ಪರ್ಯ. ಪೌಲನ ಹದಿಮೂರನೆಯ ಅಧ್ಯಾಯವು ಅವನಿಗೆ ಗೊತ್ತಿತ್ತು. ಬಿಷಪ್ಪರ ಮಾತಿನ ಗೌರವವೂ ಗೊತ್ತಿತ್ತು. ನೆರೆಯವರು, ನಂಟರು, ತಾಯಿ ಎಲ್ಲರೂ ಬೇಡವೆಂದರು. ಮೊದಲು ಹೆಂಡತಿಯೂ ಅವನ ಮನಸ್ಸನ್ನು ತಿರುಗಿಸಲು ಯತ್ನಿಸಿದಳು. ಎಲ್ಲರೂ ಒಂದೆಡೆಯಲ್ಲಿ ನಿಂತುದನ್ನು ಕಂಡ ಬಳಿಕ, ತಾನೂ ಆ ಕಡೆಗೆ ಸೇರಿದರೆ ಗಂಡನಿಗೆ ಯಾರೂ ಇಲ್ಲವಾಗುವರೆಂದು ತಿಳಿದು, ಆಕೆ ಅವನ ಪಕ್ಕದಲ್ಲಿ ನಿಂತಳು.

1943ರ ಫೆಬ್ರುವರಿಯಲ್ಲಿ ಕರೆಯು ಮತ್ತೆ ಬಂದಿತು. ಅವನು ಕಾಡಿಗೆ ಓಡಿಹೋಗಲಿಲ್ಲ. ಮಾರ್ಚಿಯ ಆರಂಭದಲ್ಲಿ ಎನ್ಸ್ ಪಟ್ಟಣದ ದಂಡಿನ ಠಾಣೆಗೆ ತಾನಾಗಿಯೇ ಹೋಗಿ, ಆಯುಧವನ್ನು ಹಿಡಿಯಲಾರೆನೆಂದು ಹೇಳಿದನು. ಲಿಂಟ್ಸ್ ನಗರದ ಸೆರೆಮನೆಯಲ್ಲಿಟ್ಟರು. ಗಾಯಾಳುಗಳ ಸೇವೆ ಮಾಡುವ ವೈದ್ಯದಳದಲ್ಲಾದರೆ ದುಡಿಯುತ್ತೇನೆಂದು ಅಲ್ಲಿ ತಿಳಿಸಿದನು. ಅದನ್ನು ಯಾರೂ ಲಕ್ಷಿಸಲಿಲ್ಲ. ಮೇ ತಿಂಗಳಲ್ಲಿ ಬರ್ಲಿನಿನ ಟೇಗೆಲ್ ಸೆರೆಮನೆಗೆ ಸಾಗಿಸಿದರು. ಜುಲೈ 6ರಂದು ಜರ್ಮನ್ ಸಾಮ್ರಾಜ್ಯದ ಸೇನಾ ನ್ಯಾಯಾಲಯವು ಸೇನಾಬಲಕ್ಕೆ ಭಂಗ ತಂದ ಅಪರಾಧಕ್ಕಾಗಿ ಮರಣದಂಡನೆಯನ್ನು ವಿಧಿಸಿತು. ಅದೇ ತಿಂಗಳು 12ರಂದು ಹೆಂಡತಿಯು ಹಳ್ಳಿಯ ಪಾದ್ರಿಯೊಡನೆ ಬರ್ಲಿನಿಗೆ ಬಂದು ಕೆಲವು ನಿಮಿಷಗಳ ಕಾಲ ಗಂಡನನ್ನು ಕಂಡಳು. ಅದೇ ಕಡೆಯ ಭೇಟಿ. ಆಸ್ಟ್ರಿಯದವನೇ ಆದ ಫ್ರಾಂಟ್ಸ್ ರೈನಿಷ್ ಎಂಬ ಪಾದ್ರಿಯು ಹಿಟ್ಲರನಿಗೆ ನಿಷ್ಠೆಯ ಪ್ರಮಾಣ ಮಾಡಲೊಪ್ಪದೆ ಹಿಂದಿನ ವರ್ಷ, 1942ರ ಆಗಸ್ಟಿನಲ್ಲಿ, ಪ್ರಾಣಕೊಟ್ಟನೆಂಬ ಸಂಗತಿಯನ್ನು ಸೆರೆಮನೆಯ ಧರ್ಮಗುರುವು ಅವನಿಗೆ ತಿಳಿಸಿದರು. ತನ್ನಂತೆ ಯೋಚಿಸಿದವನು ಇನ್ನೊಬ್ಬನಿದ್ದನೆಂದು ಕೇಳಿ ಅವನಿಗೆ ಬಹಳ ಸಮಾಧಾನವಾಯಿತು. 1943ರ ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗಿನಲ್ಲಿ ಅವನ ಶಿರಚ್ಛೇದವಾಯಿತು. ಆಗ ಅವನಿಗೆ ವಯಸ್ಸು 36.

ಕಥೆಯು ಇಷ್ಟೇ. ಇದನ್ನು ಕೇಳಿ ತಲೆದೂಗುವುದು ಸುಲಭ. ಆದರೆ ಆಕ್ಷೇಪಣೆಗಳನ್ನು ಮುಚ್ಚಿಡಬಾರದು. ಮೂವರು ಎಳೆಯ ಮಕ್ಕಳ ತಂದೆಯು ಹೀಗೆ ಮಾಡಬಹುದೇ? ಮಕ್ಕಳೂ ದೇವರೇ ಕೊಟ್ಟ ಹೊಣೆಯಲ್ಲವೇ? ಒಬ್ಬ ರೈತನು ಬಂದೂಕು ಹಿಡಿಯದಿದ್ದರೆ ಯುದ್ಧವು ಒಂದು ಗಳಿಗೆಯಾದರೂ ಬೇಗ ಮುಗಿಯಿತೇ? ಶಾಸ್ತ್ರ ಬಲ್ಲ ಬಿಷಪ್ಪರಿಗಿಂತ ಹಳ್ಳಿಯ ಶಾಲೆಯಲ್ಲಿ ಓದಿದವನು ದೇವರ ಚಿತ್ತವನ್ನು ಹೆಚ್ಚು ಬಲ್ಲನೇ? ಈ ಪ್ರಶ್ನೆಗಳು ನಮ್ಮವು ಮಾತ್ರವಲ್ಲ, ಅವನವೂ ಆಗಿದ್ದುವು. ಧರ್ಮಸಂಕಟವೆಂದು ನಾವು ಕರೆಯುವುದು ಇದನ್ನೇ: ಒಂದು ಕಡೆ ಧರ್ಮ, ಇನ್ನೊಂದು ಕಡೆ ಅಧರ್ಮವಿದ್ದರೆ ಅದು ಸಂಕಟವಲ್ಲ, ಎರಡು ಕಡೆಯೂ ಧರ್ಮವು ಕೈಹಿಡಿದು ಜಗ್ಗಿದಾಗಲೇ ಸಂಕಟ.

ಇಂಥ ಸಂಕಟದಲ್ಲಿ ದೇವರ ಅಪ್ಪಣೆಯನ್ನೂ ಮನುಷ್ಯನ ಹಟವನ್ನೂ ಬೇರೆಮಾಡಿ ತೋರಿಸುವ ಗುರುತುಗಳೇನಾದರೂ ಉಂಟೇ? ಈ ರೈತನ ನಡತೆಯಲ್ಲಿ ನನಗೆ ನಾಲ್ಕು ಗುರುತುಗಳು ಕಾಣುತ್ತವೆ.

ಮೊದಲನೆಯದಾಗಿ, ಅವನು ಕೇಳಿದನು. ಹಟಗಾರನು ತನ್ನ ಮಾತಿಗೆ ತಲೆಯಾಡಿಸುವವರನ್ನು ಹುಡುಕುವನು. ಈತನು ತನ್ನನ್ನು ತಿದ್ದಬಲ್ಲವರನ್ನು ಹುಡುಕಿದನು. ಅವರ ಮಾತನ್ನು ಕೇಳಿ, ತೂಗಿ, ಆಮೇಲೆ ಒಪ್ಪದೆ ಹೋದನು. ಕೇಳದೆ ತಿರಸ್ಕರಿಸುವುದಕ್ಕೂ ಕೇಳಿದಮೇಲೆ ಒಪ್ಪಲಾರದೆ ಹೋಗುವುದಕ್ಕೂ ಬಹಳ ಅಂತರವುಂಟು.

ಎರಡನೆಯದಾಗಿ, ಅವನು ತನ್ನ ನಿರಾಕರಣವನ್ನು ಆದಷ್ಟು ಚಿಕ್ಕದಾಗಿಟ್ಟುಕೊಂಡನು. ಕೊಲ್ಲುವ ಕೆಲಸವೊಂದನ್ನು ಬಿಟ್ಟು ಬೇರೆ ಸೇವೆಗೆ ಸಿದ್ಧನೆಂದನು. ಪ್ರಭುತ್ವಕ್ಕೆ ಸಲ್ಲುವುದನ್ನೆಲ್ಲ ಸಲ್ಲಿಸಿ, ಸಲ್ಲದಿದ್ದುದನ್ನು ಮಾತ್ರ ಹಿಡಿದಿಟ್ಟನು. ನಾಣ್ಯದ ತೀರ್ಮಾನವು ಇದೇ ಅಲ್ಲವೇ? ಅವಿಧೇಯತೆಯಲ್ಲಿ ರುಚಿ ಕಾಣುವವನು ಇಷ್ಟು ಮಿತವ್ಯಯಿಯಾಗಲಾರನು.

ಮೂರನೆಯದಾಗಿ, ಅವನು ಇತರರಿಗೆ ತೀರ್ಪು ಹೇಳಲಿಲ್ಲ. ಸೈನ್ಯಕ್ಕೆ ಹೋದ ನೆರೆಯವರನ್ನು ಪಾಪಿಗಳೆಂದು ಜರೆಯಲಿಲ್ಲ. ತನಗೆ ಬೇರೆ ದಾರಿ ತೋರಿಸಿದ ಬಿಷಪ್ಪರ ಮೇಲೆಯೂ ದ್ವೇಷ ಸಾಧಿಸಲಿಲ್ಲ. ತನಗೆ ಬಂದ ಅಪ್ಪಣೆಯು ತನಗೇ ಎಂದು ತಿಳಿದನು.

ನಾಲ್ಕನೆಯದಾಗಿ, ಬೆಲೆಯನ್ನು ತಾನೇ ತೆತ್ತನು. ದೇವರ ಹೆಸರಿನಲ್ಲಿ ಇತರರ ನೆತ್ತರನ್ನು ಕೇಳುವವನಿಗೂ ತನ್ನ ನೆತ್ತರನ್ನು ಕೊಡುವವನಿಗೂ ಇರುವ ಭೇದವನ್ನು ವಿವರಿಸಬೇಕಾಗಿಲ್ಲ. ಕಾಲು ತೊಳೆದ ಒಡೆಯನ ಸೇವಕನಿಗೆ ಇದೇ ಹೊಂದುವ ನಡತೆ. ಆದರೂ ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು: ಪೂರ್ತಿ ಬೆಲೆಯನ್ನು ಅವನೊಬ್ಬನೇ ತೆರಲಾಗಲಿಲ್ಲ. ಉಳಿದುದನ್ನು ಫ್ರಾಂಟ್ಸಿಸ್ಕಾ ತೆತ್ತಳು. ಹೊಲದ ದುಡಿಮೆ, ಮಕ್ಕಳ ಸಾಕಣೆ, ಊರಿನವರ ಬಿರುನುಡಿ, ಎಲ್ಲವೂ ಆಕೆಯ ಪಾಲಿಗೆ ಬಂದುವು. ಗಂಡನನ್ನು ತಡೆಯಲಿಲ್ಲವೆಂಬುದು ಆಕೆಯ ಮೇಲಿನ ಅಪವಾದ. ಯುದ್ಧದಲ್ಲಿ ಮಡಿದವರ ವಿಧವೆಯರಿಗೆ ಸಲ್ಲುವ ವರ್ಷಾಶನವು 1950ರವರೆಗೆ ಆಕೆಗೆ ಸಲ್ಲಲಿಲ್ಲ. ಈ ಭಾರವನ್ನು ಲೆಕ್ಕಕ್ಕೆ ಹಿಡಿಯದೆ ಗಂಡನನ್ನು ಹೊಗಳುವವರು ಕಥೆಯ ಅರ್ಧವನ್ನು ಮಾತ್ರ ಹೇಳಿದಂತಾಗುವುದು. ವಿಧೇಯತೆಯು ಒಬ್ಬನದಾಗಿರಲಿಲ್ಲ, ಇಬ್ಬರದು.

ಈ ನಾಲ್ಕು ಗುರುತುಗಳು ಇದ್ದ ಮಾತ್ರಕ್ಕೆ ಅಪ್ಪಣೆಯು ದೇವರದೇ ಎಂದು ಗಣಿತದಂತೆ ಸಿದ್ಧವಾಗಲಾರದು. ಆದರೆ ಇವು ಇಲ್ಲದ ಕಡೆಯಲ್ಲಿ ದೇವರ ಹೆಸರು ಕೇಳಿಬಂದರೆ ಎಚ್ಚರದಿಂದಿರಬೇಕೆಂದು ಧಾರಾಳವಾಗಿ ಹೇಳಬಹುದು.

ಮುಂದಿನ ಸಂಗತಿಗಳು ನಿಧಾನವಾಗಿ ನಡೆದುವು. ಯುದ್ಧ ಮುಗಿದು 1946ರಲ್ಲಿ ಅವನ ಚಿತಾಭಸ್ಮವನ್ನು ತಂದು ಹಳ್ಳಿಯ ದೇವಾಲಯದ ಗೋಡೆಯ ಪಕ್ಕದಲ್ಲಿ ಹೂಳಿದರು. ಬಹುಕಾಲ ಅವನ ಹೆಸರನ್ನು ಎತ್ತುವವರು ವಿರಳರಾಗಿದ್ದರು. ದೇಶಕ್ಕಾಗಿ ಹೋರಾಡಿ ಮಡಿದ ಮಕ್ಕಳನ್ನು ಕಳೆದುಕೊಂಡ ಮನೆಗಳ ನಡುವೆ, ಹೋರಾಡಲೊಲ್ಲದೆ ಮಡಿದವನ ನೆನಪು ಮುಳ್ಳಿನಂತಿದ್ದಿತು. 1964ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಗೋರ್ಡನ್ ಜಾನ್ ಎಂಬುವರು ಅವನ ಚರಿತ್ರೆಯನ್ನು ಪ್ರಕಟಿಸಿದಮೇಲೆ ಹೊರಗಿನವರಿಗೆ ತಿಳಿಯಿತು.

ಆ ಮೇಲೆ ಅವನ ಹೆಸರನ್ನು ಎತ್ತಿದವರಲ್ಲಿ ಒಬ್ಬರಿಗೆ ನಮ್ಮ ದೇಶದ ಸಂಬಂಧವಿತ್ತು. ಥಾಮಸ್ ರಾಬರ್ಟ್ಸ್ ಎಂಬ ಆಂಗ್ಲ ಜೆಸ್ವಿತ್ ಗುರುಗಳು 1937ರಿಂದ ಬೊಂಬಾಯಿಯ ಆರ್ಚ್‌ಬಿಷಪ್ಪರಾಗಿದ್ದರು. ಆ ಪೀಠದಲ್ಲಿ ಭಾರತೀಯನೊಬ್ಬನು ಕೂಡುವುದು ಉಚಿತವೆಂದು ಬಗೆದು, ತಮ್ಮ ಪದವಿಯನ್ನು 1950ರಲ್ಲಿ ಬಿಟ್ಟುಕೊಟ್ಟರು. ವ್ಯಾಲೇರಿಯನ್ ಗ್ರೇಸಿಯಸರು ಅವರ ಸ್ಥಾನಕ್ಕೆ ಬಂದರು. ಅಧಿಕಾರದ ಸದುಪಯೋಗ ದುರುಪಯೋಗಗಳನ್ನು ಕುರಿತು ಅವರು 1954ರಲ್ಲಿ ಒಂದು ಪುಸ್ತಕವನ್ನೂ ಬರೆದರು. ಇಂಥವರು ವ್ಯಾಟಿಕನ್ನಿನ ಎರಡನೆಯ ಮಹಾಸಭೆಯ ಮುಂದೆ ಯೇಗರ್‌ಷ್ಟೆಟರನ ಉದಾಹರಣೆಯನ್ನಿಟ್ಟು, ಅಂತಃಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲೊಲ್ಲದವರ ಪರವಾಗಿ ವಾದಿಸಿದರು. 1965ರಲ್ಲಿ ಆ ಮಹಾಸಭೆಯು ಹೊರಡಿಸಿದ ಶಾಸನವೊಂದರಲ್ಲಿ, ಇಂಥವರು ಬೇರೆ ವಿಧದಲ್ಲಿ ಸಮಾಜಸೇವೆಗೆ ಒಪ್ಪುವ ಪಕ್ಷಕ್ಕೆ ಕಾನೂನುಗಳು ಅವರ ವಿಷಯದಲ್ಲಿ ದಯೆಯಿಂದ ನಡೆಯುವುದು ನ್ಯಾಯವೆಂದು ಒಪ್ಪಲಾಯಿತು. 1997ರಲ್ಲಿ ಬರ್ಲಿನಿನ ನ್ಯಾಯಾಲಯವು ಹಳೆಯ ತೀರ್ಪನ್ನು ರದ್ದುಮಾಡಿತು. 2007ರ ಅಕ್ಟೋಬರ್ 26ರಂದು ಲಿಂಟ್ಸ್ ನಗರದ ಪ್ರಧಾನ ದೇವಾಲಯದಲ್ಲಿ ರೋಮನ್ ಕಥೋಲಿಕ ಸಭೆಯು ಅವನನ್ನು ಧನ್ಯರ ಸಾಲಿನಲ್ಲಿ ಸೇರಿಸಿತು. ಯಾವ ನಗರದಲ್ಲಿ ಬಿಷಪ್ಪರು ಅವನಿಗೆ ಬೇಡವೆಂದಿದ್ದರೋ ಅದೇ ನಗರ. ಅಂದು 94 ವರ್ಷದ ಫ್ರಾಂಟ್ಸಿಸ್ಕಾ ಆ ಪೂಜೆಯಲ್ಲಿ ಕುಳಿತಿದ್ದಳು. ಆಕೆ ನೂರು ವರ್ಷಗಳನ್ನು ತುಂಬಿ 2013ರ ಮಾರ್ಚಿಯಲ್ಲಿ ತೀರಿಕೊಂಡಳು.

ಸಭೆಯು ತಡವಾಗಿಯಾದರೂ ಒಪ್ಪಿತಲ್ಲ, ಆದುದರಿಂದ ಅವನು ಮಾಡಿದ್ದು ಸರಿ, ಎಂದು ಹೇಳುವುದು ನನ್ನ ಅಭಿಪ್ರಾಯವಲ್ಲ. 64 ವರ್ಷಗಳ ಮೇಲೆ ಬರುವ ಒಪ್ಪಿಗೆಯು ಸೆರೆಮನೆಯ ಕೋಣೆಯಲ್ಲಿ ಕುಳಿತವನ ಕೈಗೆ ದೊರೆಯುವುದಿಲ್ಲ. ದೇವರ ಅಧಿಕಾರದ ಕೆಳಗೆ ಬಾಳುವವನಿಗೆ ಮುಂದಿನ ಕೀರ್ತಿಯ ಭರವಸೆಯಿಲ್ಲ. ಫಲವು ಕಣ್ಣಿಗೆ ಕಾಣುವುದೆಂಬ ನಂಬುಗೆಯೂ ಇಲ್ಲ. ಅವನು ಯುದ್ಧವನ್ನು ನಿಲ್ಲಿಸಲಿಲ್ಲ, ನಿಲ್ಲಿಸುವೆನೆಂದು ಎಣಿಸಲೂ ಇಲ್ಲ. ತನ್ನ ಕೈಯಿಂದ ಆ ಕೆಲಸವು ಆಗದು ಎಂದು ಹೇಳುವುದಷ್ಟೇ ಅವನ ಪಾಲಿಗೆ ಬಂದಿತ್ತು.

ನಮ್ಮಲ್ಲಿ ಬಹುಮಂದಿಗೆ ಇಂಥ ದಿನವು ಬರಲಾರದು. ಹಾಗೆಂದು ಈ ವಿಷಯವು ವಧಾಸ್ಥಾನದವರಿಗೆ ಮಾತ್ರ ಮೀಸಲಾದದ್ದಲ್ಲ. ಆ ಕಡೆಯ ಮಾತಿಗೆ ಮುಂಚೆ ಅವನು ಆಡಿದ ಚಿಕ್ಕ ಮಾತುಗಳೆಷ್ಟೋ ಇದ್ದುವು. ಒಂದು ಮತಪತ್ರದಲ್ಲಿ ಒಲ್ಲೆನೆಂದದ್ದು, ಒಂದು ಭತ್ಯವನ್ನು ತೆಗೆದುಕೊಳ್ಳದೆ ಬಿಟ್ಟದ್ದು, 1941ರಿಂದ ಹಳ್ಳಿಯ ದೇವಾಲಯದ ಪರಿಚಾರಕನಾಗಿ ಬಾಗಿಲು ತೆರೆದು ಪೂಜೆಗೆ ಅಣಿಮಾಡುತ್ತಿದ್ದದ್ದು, ಇವೆಲ್ಲ ಅದೇ ಪಾಠದ ಅಕ್ಷರಾಭ್ಯಾಸ. ಚಿಕ್ಕ ಪಾಠಗಳನ್ನು ಕಲಿಯದವನು ದೊಡ್ಡ ಪರೀಕ್ಷೆಯ ದಿನ ಏಕಾಏಕಿ ವಿದ್ವಾಂಸನಾಗಲಾರನು. ಮೇಲಧಿಕಾರಿಯ ಮುಖ ನೋಡಿ ಸುಳ್ಳು ವರದಿಗೆ ರುಜು ಹಾಕಬೇಕಾಗಿ ಬಂದ ಗುಮಾಸ್ತನಿಗೆ, ತೂಕದಲ್ಲಿ ಸ್ವಲ್ಪ ಕೈ ಬಿಗಿಹಿಡಿದರೆ ಯಾರಿಗೂ ತಿಳಿಯದ ವರ್ತಕನಿಗೆ, ಮನೆಯಲ್ಲಿ ತನ್ನ ಮಾತೇ ಕಾನೂನಾಗಿರುವ ಗೃಹಸ್ಥನಿಗೆ, ಒಡೆಯನು ಯಾರೆಂಬ ಪ್ರಶ್ನೆಯು ದಿನವೂ ಬರುತ್ತದೆ. ಅಲ್ಲಿ ಸಾಕ್ಷಿಗಳಿಲ್ಲ, ಚರಿತ್ರೆ ಬರೆಯುವವರೂ ಇಲ್ಲ.

ದೇವರ ಅಧಿಕಾರದ ಕೆಳಗೆ ಬಾಳುವುದೆಂದರೆ ಮನುಷ್ಯನ ಸ್ವಾತಂತ್ರ್ಯವು ಕುಗ್ಗುವುದೆಂದು ಕೆಲವರ ಅಂಜಿಕೆ. ಈ ರೈತನ ಕೈಗಳಿಗೆ ಬೇಡಿಯಿದ್ದಿತು. ಅವನ ಸುತ್ತಲಿದ್ದ ಲಕ್ಷಾಂತರ ಮಂದಿಯ ಕೈಗಳು ಬಿಡುವಾಗಿದ್ದುವು. ಅವರು ಹೇಳಿದ ಕಡೆಗೆ ನಡೆದರು. ಯಾರು ಬಿಡುಗಡೆಯಾಗಿದ್ದರು, ಯಾರು ಕಟ್ಟಿನಲ್ಲಿದ್ದರು ಎಂಬುದನ್ನು ಶ್ರೋತೃಗಳೇ ನಿರ್ಣಯಿಸಬಹುದು. ಕಟ್ಟಕಡೆಗೆ ಒಬ್ಬನೇ ಒಡೆಯನೆಂದು ನಂಬಿದವನು ಉಳಿದ ಒಡೆಯರಿಗೆ ಸಲ್ಲಬೇಕಾದ ಮರ್ಯಾದೆಯನ್ನು ನಗುಮುಖದಿಂದಲೇ ಸಲ್ಲಿಸಬಲ್ಲನು, ಏಕೆಂದರೆ ಅವರಿಗೆ ಹೆದರಬೇಕಾದ ಕಾರಣ ಅವನಿಗಿಲ್ಲ.